ಗೆದ್ದವನು ಸೋತ, ಮೂರನೆಯವನು ಭಾಷಣ ಮಾಡಿದ

ಟಿಕೆಟ್ ಅಂದರೆ ನಮಗೆ ಗೊತ್ತಿರುವುದು ಎರಡೇ. ಒಂದು ಬಸ್ಸಿನದು, ಇನ್ನೊಂದು ದೆಹಲಿಯಿಂದ ಬರುವುದು. ಬಸ್ಸಿನದಕ್ಕೆ ಸರಿಯಾದ ಚಿಲ್ಲರೆ ಕೊಡಬೇಕು. ದೆಹಲಿಯದಕ್ಕೆ ಏನು ಕೊಡಬೇಕು ಅಂತ ಯಾರೂ ಬಾಯಿ ಬಿಡುವುದಿಲ್ಲ. ಅಮೆರಿಕದಲ್ಲಿ ಟಿಕೆಟ್ ಅಂದರೆ ಜೋಡಿ. ಅಧ್ಯಕ್ಷರಾಗಲು ಹೊರಟವರೊಬ್ಬರು, ಪಕ್ಕದಲ್ಲಿ ಉಪಾಧ್ಯಕ್ಷರಾಗಲು ಒಪ್ಪಿದವರೊಬ್ಬರು. ಲಗ್ನಪತ್ರಿಕೆಯ ಹಾಗೆ ಎರಡು ಹೆಸರು ಒಟ್ಟಿಗೆ. ಮೇಲಿನ ಹೆಸರು ಯಾರದು ಅನ್ನುವುದನ್ನು ಅಲ್ಲಿ ಹೈಕಮಾಂಡ್ ಹೇಳುವುದಿಲ್ಲ. ರಾಜ್ಯ ರಾಜ್ಯದಲ್ಲಿ ಜನರೇ ಓಟು ಹಾಕಿ ಹೇಳುತ್ತಾರೆ. ಇದಕ್ಕೆ ಪ್ರೈಮರಿ ಅಂತ ಹೆಸರು. ಕೇಳಿದರೆ ಎಷ್ಟು ಚೆನ್ನಾಗಿದೆ, ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ಆಮೇಲೆ ಗೆದ್ದವರು ಯಾರು ಅಂತ ಹೇಗೆ ತೀರ್ಮಾನ ಮಾಡುತ್ತಾರೆ ಅನ್ನುವುದನ್ನು ನೋಡಿದೆ.

ಓಟುಗಳನ್ನು ಎಣಿಸುತ್ತಾರೆ, ಅದರಲ್ಲಿ ಮೋಸವಿಲ್ಲ. (ಅಯೋವಾ ರಾಜ್ಯ ಬಿಟ್ಟು. ಅಲ್ಲಿಗೆ ಆಮೇಲೆ ಹೋಗೋಣ.) ಆದರೆ ಜಾಸ್ತಿ ಓಟು ಬಂದವರು ಗೆದ್ದರು ಅಂತ ಲೆಕ್ಕವಲ್ಲ. ಬರಬೇಕಾಗಿದ್ದಕ್ಕಿಂತ ಜಾಸ್ತಿ ಬಂದವರು ಗೆದ್ದ ಹಾಗೆ. ಎಷ್ಟು ಬರಬೇಕಾಗಿತ್ತು? ಅದನ್ನು ಟೀವಿಯಲ್ಲಿ ಕೂತ ನಾಲ್ಕು ಜನ ಮೊದಲೇ ಹೇಳಿರುತ್ತಾರೆ. ಅವರಿಗೆ ಯಾರು ಹೇಳಿದರು ಅಂತ ಮಾತ್ರ ಕೇಳಬೇಡಿ.

ಎಲ್ಲರಿಗಿಂತ ಮೊದಲು ಪ್ರೈಮರಿ ನಡೆಸುವ ಪುಟ್ಟ ರಾಜ್ಯ ನ್ಯೂ ಹ್ಯಾಂಪ್‌ಶೈರ್. ಅಲ್ಲಿಯ 1968ರ ಕಥೆ ನೋಡಿ. ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಹೆಸರು ಮತಪತ್ರದಲ್ಲೇ ಇರಲಿಲ್ಲ. ಜನ ಕೈಯಾರೆ ಹೆಸರು ಬರೆದು ಅವರಿಗೆ ಸುಮಾರು 49% ಓಟು ಕೊಟ್ಟರು. ವಿಯೆಟ್ನಾಂ ಯುದ್ಧ ಬೇಡ ಅಂತ ಎದುರು ನಿಂತ ಯೂಜಿನ್ ಮೆಕಾರ್ಥಿಗೆ ಬಂದಿದ್ದು 42%. ನಮ್ಮ ಮೇಷ್ಟರ ಲೆಕ್ಕದಲ್ಲಿ ಜಾನ್ಸನ್ ಪಾಸು, ಮೆಕಾರ್ಥಿ ಎರಡನೇ ಸ್ಥಾನ. ಅಮೆರಿಕದ ಲೆಕ್ಕದಲ್ಲಿ ಮೆಕಾರ್ಥಿಗೆ ಜಯಭೇರಿ. ಆ ಮಾರ್ಚ್ 31ಕ್ಕೆ ಜಾನ್ಸನ್ ಕಣದಿಂದಲೇ ಎದ್ದು ಹೋದರು. ನಾಲ್ಕು ವರ್ಷದ ಮೇಲೆ ಅದೇ ರಾಜ್ಯದಲ್ಲಿ ಎಡ್ಮಂಡ್ ಮಸ್ಕಿ 46% ತೆಗೆದುಕೊಂಡು ಗೆದ್ದರು. ಎದುರಾಳಿ ಮೆಕ್‌ಗವರ್ನ್‌ಗೆ 37%. ಆದರೆ ಮಸ್ಕಿ ಪಕ್ಕದ ಮೇನ್ ರಾಜ್ಯದವರು, ಮನೆ ಹುಡುಗ. ಅರ್ಧಕ್ಕರ್ಧ ಓಟಾದರೂ ಬರಬೇಡವೇ? ಬರಲಿಲ್ಲ, ಆದ್ದರಿಂದ ಸೋತರು. ಅದಕ್ಕೂ ಸ್ವಲ್ಪ ಮೊದಲು, ಹಿಮ ಸುರಿಯುವಾಗ ಪತ್ರಿಕಾ ಕಚೇರಿಯೊಂದರ ಮುಂದೆ ನಿಂತು ಭಾಷಣ ಮಾಡುವಾಗ ಅತ್ತರು ಅಂತ ಸುದ್ದಿಯಾಗಿತ್ತು. ಕೆನ್ನೆ ಮೇಲಿದ್ದದ್ದು ಕರಗಿದ ಹಿಮ ಅಂತ ಅವರ ಕಡೆಯವರು ಹೇಳಿದರು. ಯಾರು ಕೇಳುತ್ತಾರೆ? ಫ್ರಂಟ್ ರನ್ನರ್, ಅಂದರೆ ಎಲ್ಲರಿಗಿಂತ ಮುಂದಿದ್ದಾನೆ ಅನ್ನಿಸಿಕೊಂಡವನು. ಅವನ ಕೆನ್ನೆ ಮೇಲೆ ಹಿಮ ಬಿದ್ದರೂ ಕಣ್ಣೀರೇ.

ಕೋರ್ಟಿಗೆ ಹೋದರೆ ಗೆದ್ದವನು ಸೋತ, ಸೋತವನು ಸತ್ತ ಅನ್ನುತ್ತಾರೆ ನಮ್ಮಲ್ಲಿ. ನ್ಯೂ ಹ್ಯಾಂಪ್‌ಶೈರ್‌ಗೆ ಹೋದರೆ ಗೆದ್ದವನು ಸೋತ, ಸೋತವನು ಶ್ವೇತಭವನಕ್ಕೆ ಹೋದ. 1992ರಲ್ಲಿ ಅಲ್ಲಿ ಗೆದ್ದವರು ಪಾಲ್ ಸೊಂಗಸ್. ಹೆಸರು ಕೇಳಿದ್ದೀರಾ? ಇಲ್ಲ ತಾನೇ. ಅವರಿಗಿಂತ ಎಂಟು ಶೇಕಡಾ ಹಿಂದೆ ಬಿದ್ದು ಎರಡನೆಯವರಾದ ಬಿಲ್ ಕ್ಲಿಂಟನ್ ಆ ರಾತ್ರಿಯೇ ಮೈಕು ಹಿಡಿದು, ತಾನು 'ಕಮ್‌ಬ್ಯಾಕ್ ಕಿಡ್', ಅಂದರೆ ಬಿದ್ದು ಎದ್ದು ಬಂದ ಹುಡುಗ ಅಂತ ಸಾರಿಕೊಂಡರು. ಮಾರನೇ ದಿನ ಪೇಪರಿನವರೂ ಅದನ್ನೇ ಬರೆದರು. ಸೊಂಗಸ್ ಅವರದು ಬರೀ ಗೆಲುವು. ಬರೀ ಗೆಲುವನ್ನು ಯಾರು ಕೊಳ್ಳುತ್ತಾರೆ?

ಹೀಗಾಗಿ ಅಲ್ಲಿ ಎಲ್ಲರಿಗೂ ಅಂಡರ್‌ಡಾಗ್ ಆಗುವ ಆಸೆ. ಅಂಡರ್‌ಡಾಗ್ ಅಂದರೆ ಕಚ್ಚಾಟದಲ್ಲಿ ಕೆಳಗೆ ಬಿದ್ದ ನಾಯಿ. ನಮ್ಮ ಯಾವ ಶಾಸಕರನ್ನಾದರೂ ಹಾಗೆ ಕರೆದು ನೋಡಿ, ಸಂಜೆಯೊಳಗೆ ಮಾನನಷ್ಟದ ನೋಟಿಸು ಬರುತ್ತದೆ. ಅಲ್ಲಿ ಸೆನೆಟರ್‌ಗಳು, ಗವರ್ನರ್‌ಗಳು, ಅಪ್ಪ ಅಧ್ಯಕ್ಷರಾಗಿದ್ದವರು, ಎಲ್ಲರೂ ಆ ಬಿರುದಿಗೆ ಸಾಲು ನಿಲ್ಲುತ್ತಾರೆ. ಪರೀಕ್ಷೆಯ ಹಿಂದಿನ ದಿನ ಕ್ಲಾಸಿಗೇ ಫಸ್ಟ್ ಬರುವ ಹುಡುಗ "ಏನೂ ಓದಿಲ್ಲ ಕಣೋ, ಫೇಲ್ ಆಗ್ತೀನಿ" ಅನ್ನುತ್ತಾನಲ್ಲ, ಅದೇ ಮಾತು. ಅವನು ಪುಕ್ಕಟೆ ಹೇಳುತ್ತಾನೆ. ಇವರು ಹಾಗೆ ಹೇಳಿಸಲು ಸಂಬಳ ಕೊಟ್ಟು ಜನ ಇಟ್ಟುಕೊಂಡಿರುತ್ತಾರೆ. ನಮ್ಮ ಸಾಹೇಬರು ಐದನೇ ಸ್ಥಾನಕ್ಕೆ ಬಂದರೂ ಹೆಚ್ಚು ಅಂತ ಟೀವಿಯಲ್ಲಿ ಗೋಳಾಡುವುದೇ ಅವರ ಕೆಲಸ. ಆಮೇಲೆ ಸಾಹೇಬರು ಮೂರನೇ ಸ್ಥಾನಕ್ಕೆ ಬಂದರೆ ಪಟಾಕಿ.

ಫ್ರಂಟ್ ರನ್ನರ್ ಅನ್ನಿಸಿಕೊಂಡವರ ಪಾಡು ಬೇಡ. ನ್ಯೂಯಾರ್ಕ್ ಮೇಯರ್ ಆಗಿದ್ದ ರೂಡಿ ಜೂಲಿಯಾನಿ 2007ರ ಬಹುಪಾಲು ದೇಶದ ಸಮೀಕ್ಷೆಗಳಲ್ಲಿ ಮುಂದಿದ್ದರು. ಮೊದಲ ರಾಜ್ಯಗಳೆಲ್ಲ ಹೋಗಲಿ, ಫ್ಲೋರಿಡಾದಲ್ಲಿ ನೋಡಿಕೊಳ್ಳುತ್ತೇನೆ ಅಂತ ಬಿಸಿಲು ಕಾಯಿಸುತ್ತಾ ಕೂತರು. ಫ್ಲೋರಿಡಾದಲ್ಲಿ ಮೂರನೆಯವರಾದರು. ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳಲ್ಲಿ ಒಬ್ಬನೇ ಒಬ್ಬನನ್ನೂ ಗೆಲ್ಲದೆ ಮನೆಗೆ ಹೋದರು. ಜೆಬ್ ಬುಷ್ ಅವರ ಅಪ್ಪ ಅಧ್ಯಕ್ಷರು, ಅಣ್ಣನೂ ಅಧ್ಯಕ್ಷರು. ಬೆಂಬಲಿಗರು 2015ರಲ್ಲಿ ಕೂಡಿಸಿದ ದುಡ್ಡು 10 ಕೋಟಿ ಡಾಲರ್‌ಗೂ ಮೇಲೆ. ಇಷ್ಟೆಲ್ಲ ಆಗಿ, ಮುಂದಿನ ಫೆಬ್ರುವರಿಯಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಒಂದು ಸಭೆಯಲ್ಲಿ ಮಾತು ಮುಗಿಸಿ ನೋಡುತ್ತಾರೆ, ಸಭೆ ಗಪ್‌ಚುಪ್. "ದಯವಿಟ್ಟು ಚಪ್ಪಾಳೆ ತಟ್ಟಿ" ಅಂದರು. ತಟ್ಟಿದರು ಪಾಪ. ಅದೇ ತಿಂಗಳು ಮನೆಗೆ ಹೋದರು. ಚಪ್ಪಾಳೆಗೂ ಜನ ಕರೆತರುವ ನಮ್ಮ ಪದ್ಧತಿ ಎಷ್ಟು ಮುಂದುವರಿದಿದೆ ನೋಡಿ. ಅಲ್ಲಿ ಇನ್ನೂ ಬಾಯಿ ಬಿಟ್ಟು ಕೇಳಬೇಕು.

ದುಡ್ಡಿನ ಮಾತು ಬಂತಲ್ಲ, ಮೈಕೆಲ್ ಬ್ಲೂಮ್‌ಬರ್ಗ್ ಅವರನ್ನು ಬಿಡುವ ಹಾಗಿಲ್ಲ. 2020ರಲ್ಲಿ ಸುಮಾರು 100 ಕೋಟಿ ಡಾಲರ್ ಸ್ವಂತ ಗಂಟು ಬಿಚ್ಚಿದರು. ಹಲವು ರಾಜ್ಯಗಳು ಒಟ್ಟಿಗೆ ಓಟು ಹಾಕುವ ಸೂಪರ್ ಟ್ಯೂಸ್‌ಡೇ ದಿನ ಅವರು ಗೆದ್ದ ಒಂದೇ ಒಂದು ಜಾಗ ಪೆಸಿಫಿಕ್ ಸಾಗರದ ನಡುವಿನ ಅಮೆರಿಕನ್ ಸಮೋವಾ. ಅಲ್ಲಿ ಸಿಕ್ಕ ಓಟು 175. ಗ್ರಾಮ ಪಂಚಾಯ್ತಿ ವಾರ್ಡಿನಲ್ಲೂ ಇದಕ್ಕಿಂತ ಜಾಸ್ತಿ ಬೇಕು.

ಈ ನಿಯಮಕ್ಕೆ ಸಿಗದವರು ಒಬ್ಬರಿದ್ದಾರೆ, ಹೇಳದಿದ್ದರೆ ತಪ್ಪಾಗುತ್ತದೆ. ಡೊನಾಲ್ಡ್ ಟ್ರಂಪ್ 2024ರಲ್ಲಿ ಫ್ರಂಟ್ ರನ್ನರ್ ಆಗಿಯೇ ಹೊರಟರು, ತಮ್ಮ ಪಕ್ಷದ ಒಂದು ಚರ್ಚೆಗೂ ಹೋಗಲಿಲ್ಲ, ಗೆದ್ದರು. ಉಳಿದವರು ಅಲ್ಲಿಲ್ಲದವರನ್ನು ಬಿಟ್ಟು ಬಹುಪಾಲು ತಮ್ಮತಮ್ಮಲ್ಲೇ ಜಗಳ ಆಡಿದರು. ಪಂಡಿತರು ಇದಕ್ಕೂ ಏನೋ ಕಾರಣ ಕೊಟ್ಟರು. ಅವರದು ಯಾವಾಗಲೂ ಅಡ್ಡಗೋಡೆಯ ಮೇಲಿನ ದೀಪ. ಯಾವ ಕಡೆ ಬಿದ್ದರೂ "ನಾನು ಆಗಲೇ ಹೇಳಿರಲಿಲ್ಲವೇ" ಅನ್ನಬಹುದು.

ಈಗ ಅಯೋವಾ. ಇಡೀ ರಾಜ್ಯದಲ್ಲಿ ಸುಮಾರು 32 ಲಕ್ಷ ಜನ. 1972ರಿಂದ ದಶಕಗಳ ಕಾಲ ಎಲ್ಲರಿಗಿಂತ ಮೊದಲು ಕಾಕಸ್, ಅಂದರೆ ಊರೂರಲ್ಲಿ ಸಭೆ ಸೇರಿ ಅಭ್ಯರ್ಥಿ ಆರಿಸುವ ಕೆಲಸ ಮಾಡಿ ದೇಶಕ್ಕೆ ದಾರಿ ತೋರಿಸಿದ್ದು ಇವರೇ. ರಿಪಬ್ಲಿಕನ್ನರಿಗೆ ಈಗಲೂ ತೋರಿಸುತ್ತಾರೆ. ಜನವರಿಯ ಮೂಳೆ ಕೊರೆಯುವ ಚಳಿಯಲ್ಲಿ ಜನ ಶಾಲೆಗೋ ಚರ್ಚಿಗೋ ಹೋಗಿ ಸೇರುತ್ತಾರೆ. ಅಲ್ಲಿ ಸಂಜೆ ಏಳಾದಾಗ ನಮಗೆ ಬೆಳಗ್ಗೆ ಆರೂವರೆ. ಹಾಲು ಉಕ್ಕುವ ಹೊತ್ತಿಗೆ ಫಲಿತಾಂಶ ಶುರು.

ಅದಕ್ಕೂ ಮುಂಚಿನ ಬೇಸಿಗೆಯಲ್ಲಿ ಅಭ್ಯರ್ಥಿಗಳೆಲ್ಲ ಅಯೋವಾ ರಾಜ್ಯ ಜಾತ್ರೆಗೆ ಹಾಜರಾಗಬೇಕು. ಕಡ್ಡಿಗೆ ಚುಚ್ಚಿ ಕರಿದದ್ದನ್ನು ಕ್ಯಾಮೆರಾ ಮುಂದೆ ತಿನ್ನಬೇಕು. ಬೆಣ್ಣೆಯಲ್ಲೇ ಮಾಡಿದ ಆಳೆತ್ತರದ ಹಸುವನ್ನು ನೋಡಿ ಬೆರಗಾಗಬೇಕು. ಬೆಣ್ಣೆ ಹಚ್ಚುವ ಕೆಲಸವನ್ನು ಇಷ್ಟು ಬಹಿರಂಗವಾಗಿ ಮಾಡುವ ಊರು ಇನ್ನೊಂದಿಲ್ಲ. ಭಕ್ತಿ ಜಾಸ್ತಿ ಇದ್ದವರು 99 ಕೌಂಟಿಗೂ ಪ್ರದಕ್ಷಿಣೆ ಹಾಕುತ್ತಾರೆ. ರಾನ್ ಡಿಸಾಂಟಿಸ್ 99ಕ್ಕೂ ಹೋದರು. 2024ರಲ್ಲಿ ಆ 99ರಲ್ಲಿ 98 ಟ್ರಂಪ್‌ಗೆ, ಉಳಿದ ಒಂದು ನಿಕ್ಕಿ ಹೇಲಿಗೆ ಹೋಯಿತು, ಅದೂ ಒಂದೇ ಓಟಿನಿಂದ. ಡಿಸಾಂಟಿಸ್ ಕೈಗೆ ಸೊನ್ನೆ. ಅಪ್ಪ ಅಮ್ಮ ಕೇರಳದವರಾದ ವಿವೇಕ್ ರಾಮಸ್ವಾಮಿ ನಾನು ಎರಡು ಸುತ್ತು ಮುಗಿಸಿದ್ದೇನೆ ಅಂದರು. ನಾಲ್ಕನೆಯವರಾದರು. ಪ್ರದಕ್ಷಿಣೆ ಹೆಚ್ಚಾದರೆ ಪ್ರಸಾದ ಕಡಿಮೆ ಅಂತ ಕಾಣುತ್ತೆ.

ಇನ್ನು ಎಣಿಕೆ. 2012ರಲ್ಲಿ ಆ ರಾತ್ರಿ ಮಿಟ್ ರಾಮ್ನಿ 8 ಓಟಿನಿಂದ ಗೆದ್ದರು ಅಂದರು. ಎರಡು ವಾರದ ಮೇಲೆ, ಇಲ್ಲ, ರಿಕ್ ಸ್ಯಾಂಟೋರಮ್ 34 ಓಟು ಮುಂದಿದ್ದರು ಅಂದರು. ಅಷ್ಟರಲ್ಲಿ ರಾಮ್ನಿ ಗೆದ್ದವರ ಗತ್ತಿನಲ್ಲಿ ಎರಡನೇ ರಾಜ್ಯವಾದ ನ್ಯೂ ಹ್ಯಾಂಪ್‌ಶೈರನ್ನೂ ಮುಗಿಸಿದ್ದರು. 2016ರಲ್ಲಿ ಹಿಲರಿ, ಸ್ಯಾಂಡರ್ಸ್ ಇಬ್ಬರಿಗೂ ಸಮ ಬಂದ ಕೆಲವು ಕಡೆ ನಾಣ್ಯ ಚಿಮ್ಮಿದರು. ನಾಣ್ಯಕ್ಕಿಂತ ಮುಂದುವರಿಯೋಣ ಅಂತ 2020ರಲ್ಲಿ ಡೆಮಾಕ್ರಟಿಕ್ ಪಕ್ಷ ಒಂದು ಆ್ಯಪ್ ತಂದಿತು. ಆ್ಯಪ್ ಮಲಗಿತು, ಫಲಿತಾಂಶ ದಿನಗಟ್ಟಲೆ ಬರಲಿಲ್ಲ. ಆ ರಾತ್ರಿ ಪೀಟ್ ಬುಟಿಜೆಜ್ ಯಾವ ಅಂಕಿಗೂ ಕಾಯದೆ ಗೆದ್ದವರ ಧಾಟಿಯಲ್ಲೇ ಭಾಷಣ ಮಾಡಿ ಹೊರಟರು.

ಭಾಷಣದ ವಿಷಯದಲ್ಲಿ ಎಲ್ಲರ ಗುರು ಮಾರ್ಕೊ ರುಬಿಯೊ. ಅವರ ಕಡೆಯವರ ತಂತ್ರಕ್ಕೆ 3-2-1 ಅಂತ ಹೆಸರಿತ್ತು. ಮೊದಲ ರಾಜ್ಯದಲ್ಲಿ ಮೂರನೇ ಸ್ಥಾನ, ಎರಡನೆಯದರಲ್ಲಿ ಎರಡನೇ ಸ್ಥಾನ, ಮೂರನೆಯದರಲ್ಲಿ ಒಂದನೇ ಸ್ಥಾನ. ಸೋಲನ್ನು ಮೊದಲೇ ಟೈಂಟೇಬಲ್ ಹಾಕಿ ಇಟ್ಟುಕೊಂಡಿದ್ದರು. 2016ರ ಅಯೋವಾದಲ್ಲಿ ಹೇಳಿದ ಹಾಗೇ ಮೂರನೆಯವರಾಗಿ ವಿಜಯ ಭಾಷಣ ಮಾಡಿದರು. ಎರಡನೇ ರಾಜ್ಯದಲ್ಲಿ ಐದನೆಯವರಾದರು. ಲೆಕ್ಕ ಅಲ್ಲೇ ತಪ್ಪಿತು. ಅದಕ್ಕೂ ಮೊದಲು, 2004ರಲ್ಲಿ, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯವರಾದ ಜೋ ಲೀಬರ್‌ಮನ್, ಮೂರನೇ ಸ್ಥಾನಕ್ಕೆ ಮೂವರ ನಡುವೆ ಸಮ ಬಂದಿದೆ ಅಂತ ಸಂಭ್ರಮಿಸಿದ್ದರು. 2024ರ ಅಯೋವಾದಲ್ಲಿ ಮೂರನೆಯವರಾದ ನಿಕ್ಕಿ ಹೇಲಿ, ಇನ್ನು ಇದು ಇಬ್ಬರ ಸ್ಪರ್ಧೆ ಅಂದರು. ಎರಡನೆಯವರಾಗಿದ್ದ ಡಿಸಾಂಟಿಸ್‌ಗೆ ತಾನು ಎಲ್ಲಿದ್ದೇನೆ ಅನ್ನುವ ಅನುಮಾನ ಬಂದಿರಬೇಕು. ವಾರದೊಳಗೆ ಕಣ ಬಿಟ್ಟರು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಗಾದೆಯನ್ನು ನಾವು ಸುಮ್ನೆ ಪುಸ್ತಕದಲ್ಲಿ ಇಟ್ಟುಕೊಂಡಿದ್ದೇವೆ. ಅದರ ನಿಜವಾದ ಮಾರುಕಟ್ಟೆ ಅಲ್ಲಿದೆ.

ಇಷ್ಟರ ನಡುವೆ ಡ್ರೀಮ್ ಟಿಕೆಟ್ ಎಂಬ ಸಡಗರ. ಅಂದರೆ ಕನಸಿನ ಜೋಡಿ. ಕನಸು ಕಾಣುವವರು ಜೋಡಿಯಲ್ಲ, ದಲ್ಲಾಳಿಗಳು. ಇವರು ಉತ್ತರದವರು, ಅವರು ದಕ್ಷಿಣದವರು. ಇವರಿಗೆ ವಯಸ್ಸಾಗಿದೆ, ಅವರಿಗೆ ಆಗಿಲ್ಲ. ಮೂವತ್ತಾರು ಗುಣದಲ್ಲಿ ಮೂವತ್ತೈದು ಕೂಡಿ ಬಂದಿದೆ. ಹುಡುಗ ಹುಡುಗಿಯನ್ನು ಕೇಳಿದ್ದೀರಾ ಅಂದರೆ ಅದೇನು ಮುಖ್ಯವಲ್ಲ ಬಿಡಿ ಅನ್ನುತ್ತಾರೆ.

1980ರ ಜುಲೈನಲ್ಲಿ ಡೆಟ್ರಾಯ್ಟ್‌ನಲ್ಲಿ ರಿಪಬ್ಲಿಕನ್ ಸಮಾವೇಶ. ರೊನಾಲ್ಡ್ ರೇಗನ್ ಅಭ್ಯರ್ಥಿ. ಅವರ ಜೊತೆ ಮಾಜಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಉಪಾಧ್ಯಕ್ಷರಾದರೆ? ಆಹಾ! ಮಾತುಕತೆ ನಿಜವಾಗಿಯೂ ನಡೆಯಿತು. ಮುಗಿಯುವ ಮೊದಲೇ ಫೋರ್ಡ್ ಟೀವಿಯಲ್ಲಿ ಹೆಸರಾಂತ ಸುದ್ದಿಗಾರ ವಾಲ್ಟರ್ ಕ್ರಾಂಕೈಟ್ ಎದುರು ಕೂತರು. ಹಾಗಾದರೆ ಇಬ್ಬರು ಅಧ್ಯಕ್ಷರಿದ್ದ ಹಾಗಲ್ಲವೇ ಎಂಬ ಮಾತು ಅಲ್ಲಿ ಬಂತು. ತನ್ನ ಕುರ್ಚಿಯನ್ನು ಟೀವಿಯಲ್ಲೇ ಪಾಲು ಮಾಡುತ್ತಿರುವುದನ್ನು ರೇಗನ್ ಹೋಟೆಲ್ ಕೋಣೆಯಲ್ಲಿ ನೋಡಿದರು. ನೆಂಟಸ್ತಿಕೆ ಮುರಿಯಿತು. ರಾತ್ರೋರಾತ್ರಿ ಫೋನ್ ಹೋಗಿದ್ದು ಜಾರ್ಜ್ ಬುಷ್‌ಗೆ. ಯಾವ ಬುಷ್? ಪ್ರೈಮರಿಯಲ್ಲಿ ರೇಗನ್ ಅವರ ಆರ್ಥಿಕ ನೀತಿಯನ್ನು ಮಾಟಮಂತ್ರ ಅಂತ ಹಂಗಿಸಿದ್ದ ಅದೇ ಬುಷ್. ಹಂಗಿಸಿದ್ದು ಕೆಲಸಕ್ಕೆ ಬಂತು. 2019ರ ಚರ್ಚೆಯಲ್ಲಿ ಜೋ ಬೈಡನ್‌ರನ್ನು ಕಮಲಾ ಹ್ಯಾರಿಸ್ ತರಾಟೆಗೆ ತೆಗೆದುಕೊಂಡಿದ್ದು ನೆನಪಿದೆಯೇ? ಮರುವರ್ಷ ಅವರೇ ಜೋಡಿ. ತಾನು ಯಾವ ಕಾಲಕ್ಕೂ ಟ್ರಂಪ್ ಕಡೆಯವನಲ್ಲ ಅಂದಿದ್ದ ಜೆ.ಡಿ. ವಾನ್ಸ್ ಈಗೆಲ್ಲಿದ್ದಾರೆ ಅಂತ ನಾನು ಹೇಳಬೇಕಿಲ್ಲ. ಉಪಾಧ್ಯಕ್ಷರಾಗಬೇಕಾದರೆ ಅರ್ಜಿ ಹಾಕಬೇಡಿ, ಬೈಯಿರಿ.

2008ರಲ್ಲಂತೂ ಹಿಂದೆ ಬಿದ್ದಿದ್ದ ಹಿಲರಿ ಕ್ಲಿಂಟನ್, ಒಬಾಮಾ ಒಳ್ಳೆಯ ಉಪಾಧ್ಯಕ್ಷರಾಗಬಹುದು ಎಂಬ ಸುಳಿವು ಬಿಟ್ಟರು. ಎರಡನೇ ಸ್ಥಾನದಲ್ಲಿರುವವರು ಮೊದಲನೇ ಸ್ಥಾನದವರಿಗೆ ಕೆಲಸ ಕೊಡುವುದು ಹೇಗೆ ಅಂತ ಒಬಾಮಾ ಕೇಳಿದರು. ಕೊನೆಗೆ ಅವರು ಆರಿಸಿಕೊಂಡಿದ್ದು ಅಯೋವಾದಲ್ಲಿ 1% ಕೂಡ ಬಾರದೆ ಅದೇ ರಾತ್ರಿ ಮನೆಗೆ ಹೋಗಿದ್ದ ಬೈಡನ್ ಅವರನ್ನು. ಅವರನ್ನು ಯಾರೂ ಕನಸಿನಲ್ಲಿ ಕಂಡಿರಲಿಲ್ಲ. ಟೆಡ್ ಕ್ರೂಜ್ ಅವರದು ಇನ್ನೂ ಅವಸರ. ಗೆಲ್ಲುವ ಲೆಕ್ಕ ಕೈಬಿಟ್ಟ ಮೇಲೆ, 2016ರ ಏಪ್ರಿಲ್ 27ರಂದು, ಕಾರ್ಲಿ ಫಿಯೊರಿನಾ ನನ್ನ ಉಪಾಧ್ಯಕ್ಷೆ ಅಂತ ಕೈ ಎತ್ತಿ ತೋರಿಸಿದರು. ಮೇ 3ಕ್ಕೆ ತಾವೇ ಕಣ ಬಿಟ್ಟರು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರನ್ನು ನೋಡಿದ್ದೇವೆ. ಬಾಣಂತಿಗೆ ಔತಣವನ್ನೂ ಇಟ್ಟುಬಿಟ್ಟರು ಇವರು.

ನನ್ನ ಹತ್ತಿರವೂ ಒಂದು ಕನಸಿನ ಜೋಡಿ ಇದೆ. 1976ರ ಅಯೋವಾದಲ್ಲಿ ಕಡಲೆಕಾಯಿ ಬೆಳೆಯುತ್ತಿದ್ದ ಜಿಮ್ಮಿ ಕಾರ್ಟರ್ ಗೆದ್ದು ದೇಶಕ್ಕೇ ಅಚ್ಚರಿಯಾಯಿತು ಅಂತ ಎಲ್ಲರೂ ಬರೆಯುತ್ತಾರೆ. ಕಾರ್ಟರ್‌ಗೆ ಬಂದಿದ್ದು ಸುಮಾರು 28%. 37% ಪಡೆದು ನಿಜಕ್ಕೂ ಗೆದ್ದವರ ಹೆಸರು 'ಇನ್ನೂ ತೀರ್ಮಾನಿಸಿಲ್ಲ'. ಇದೇ ತೀರ್ಮಾನಿಸಿಲ್ಲದವರು 2024ರಲ್ಲಿ ಮಿಷಿಗನ್‌ನಲ್ಲೂ ನಿಂತು, ಅಧ್ಯಕ್ಷ ಬೈಡನ್ ಎದುರೇ 1 ಲಕ್ಷಕ್ಕೂ ಹೆಚ್ಚು ಓಟು ತೆಗೆದುಕೊಂಡರು. ಇನ್ನೊಬ್ಬರು ನೆವಾಡದವರು. ಅಲ್ಲಿನ ಮತಪತ್ರದಲ್ಲಿ 'ಇವರಲ್ಲಿ ಯಾರೂ ಬೇಡ' ಎಂಬ ಸಾಲಿದೆ. 2024ರ ಫೆಬ್ರುವರಿಯಲ್ಲಿ ಟ್ರಂಪ್ ಆ ಪ್ರೈಮರಿಗೆ ನಿಲ್ಲಲಿಲ್ಲ. ದೊಡ್ಡ ಹೆಸರು ಅಂತ ಉಳಿದಿದ್ದು ನಿಕ್ಕಿ ಹೇಲಿ ಒಬ್ಬರೇ. ಹೇಲಿಗೆ ಸುಮಾರು 30%, 'ಯಾರೂ ಬೇಡ'ಗೆ 63%. ಇಬ್ಬರ ಸ್ಪರ್ಧೆ ಅಂದಿದ್ದರಲ್ಲ, ಎರಡನೆಯವರು ಇವರೇ ಇರಬೇಕು.

ಮೇಲೆ 'ಯಾರೂ ಬೇಡ', ಕೆಳಗೆ 'ಇನ್ನೂ ತೀರ್ಮಾನಿಸಿಲ್ಲ'. ಒಬ್ಬರು ಪಶ್ಚಿಮದವರು, ಒಬ್ಬರು ನಡುನಾಡಿನವರು. ಇಬ್ಬರೂ ಗೆದ್ದು ಅನುಭವ ಇರುವವರು. ಹಗರಣವಿಲ್ಲ, ಭಾಷಣವಿಲ್ಲ, ಬೆಣ್ಣೆ ಹಸುವಿನ ಮುಂದೆ ಫೋಟೋ ಇಲ್ಲ, ಒಬ್ಬರನ್ನೊಬ್ಬರು ಇದುವರೆಗೆ ಬೈದಿಲ್ಲ. ಇರುವುದು ಒಂದೇ ಭಯ. ಈ ಜೋಡಿಯೇ ಫ್ರಂಟ್ ರನ್ನರ್ ಅಂತ ಟೀವಿಯವರು ಯಾರಾದರೂ ಹೇಳಿಬಿಟ್ಟರೆ ಅಲ್ಲಿಗೆ ಮುಗೀತು.