ಸಮುದ್ರ ಕಾಯಲು 312 ಬೈಕು

ಸಮುದ್ರ ಕಾಯೋದಕ್ಕೆ ಏನು ಬೇಕು? ದೋಣಿ, ಡೀಸೆಲ್, ಈಜು ಬರುವ ಪೊಲೀಸರು ಅಂತ ನೀವು ಹೇಳಿದರೆ, ಸರ್ಕಾರಿ ಫೈಲು ನೋಡಿದವರಲ್ಲ ಅಂತಾಯ್ತು. 2005ರಲ್ಲಿ ಕೇಂದ್ರ ಸರ್ಕಾರ ಕರಾವಳಿ ಭದ್ರತಾ ಯೋಜನೆ ಶುರು ಮಾಡಿತು. ಮೊದಲ ಹಂತದಲ್ಲಿ ಎಲ್ಲ ರಾಜ್ಯಗಳ ಕರಾವಳಿ ಪೊಲೀಸರಿಗೆ ಸೇರಿಸಿ ಕೊಟ್ಟಿದ್ದು 204 ದೋಣಿ, 153 ಜೀಪು ಮತ್ತು 312 ಬೈಕು. ಸಾಲದು ಅನ್ನಿಸಿತೇನೋ, ಎರಡನೇ ಹಂತದಲ್ಲಿ ಮತ್ತೆ 242 ಬೈಕು ಮಂಜೂರಾಯಿತು.

ಬೈಕಿಗೂ ಕೆಲಸ ಇಲ್ಲದಿಲ್ಲ. ಮೀನುಗಾರರ ಕೇರಿಗೆ ಹೋಗಬೇಕು, ಬಂದರಿನ ಸುದ್ದಿ ತಿಳಿಯಬೇಕು. ಆದರೆ ಒಂದು ಕಷ್ಟ ಇದೆ. ಮರಳಲ್ಲಿ ಸೈಡ್ ಸ್ಟ್ಯಾಂಡ್ ಹಾಕಿದರೆ ಅದು ಮೆಲ್ಲಗೆ ಹೂತುಕೊಳ್ಳುತ್ತದೆ. ಕೆಳಗೆ ತೆಂಗಿನ ಸಿಪ್ಪೆಯ ತುಂಡು ಇಡದಿದ್ದರೆ ದೇಶದ ಭದ್ರತೆ ಎಡಕ್ಕೆ ವಾಲಿ ಧೊಪ್ಪೆಂದು ಬೀಳುತ್ತದೆ.

ಕಾವಲು ಮೂರು ಸುತ್ತಿನದು. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ತನಕ ಕರಾವಳಿ ಪೊಲೀಸರು. ಅಲ್ಲಿಂದ 200 ಮೈಲಿವರೆಗೆ ಕೋಸ್ಟ್ ಗಾರ್ಡ್. ಅದರಾಚೆ ನೌಕಾಪಡೆ. 2008ರ ನವೆಂಬರ್‌ನಲ್ಲಿ ಮುಂಬೈಗೆ ಹತ್ತು ಜನ ಸಮುದ್ರದಿಂದಲೇ ಬಂದಿಳಿದ ಮೇಲೆ ಇದನ್ನೆಲ್ಲ ಇನ್ನಷ್ಟು ಬಿಗಿ ಮಾಡಿದರು. ಎಷ್ಟು ಬಿಗಿ ಅಂತೀರಾ? 2011ರ ಜುಲೈ 31ರಂದು ಪವಿತ್ ಅನ್ನೋ ಹಡಗು ಜುಹು ಬೀಚಿಗೆ ಬಂದು ಕೂತಿತು. ಸುಮಾರು ಸಾವಿರ ಟನ್ನಿನ ಹಡಗು. ಒಳಗೆ ಒಂದು ನರಪಿಳ್ಳೆಯೂ ಇಲ್ಲ! ಒಮಾನ್ ಕಡೆ ಸಿಬ್ಬಂದಿ ಬಿಟ್ಟು ಹೋಗಿದ್ದ ಹಡಗು ಅದು. ಒಂದು ತಿಂಗಳು ಸುಮ್ನೆ ತೇಲುತ್ತಾ, ಮೂರೂ ಸುತ್ತು ದಾಟಿ, ಯಾರನ್ನೂ ಕೇಳದೆ ಬಂದಿತ್ತು. ಕಣ್ಣಿಗೆ ಬಿದ್ದಿದ್ದು ಮರಳಿಗೆ ಸಿಕ್ಕಿಕೊಂಡ ಮೇಲೆ. ಅಲ್ಲಿಗೆ ಬೈಕು ಹೋಗುತ್ತೆ ನೋಡಿ.

ಅದೇ ಒಬ್ಬ ಮೀನುಗಾರ ಬುತ್ತಿ ಕಟ್ಟಿಕೊಂಡು ಹೊರಡಲಿ. ಕಾರ್ಡ್ ಎಲ್ಲಿ, ದೋಣಿಗೆ ಸರಿಯಾದ ಬಣ್ಣ ಬಳಿದಿದೆಯಾ, ನಂಬರ್ ಬರೆಸಿದೆಯಾ, ಎಲ್ಲ ವಿಚಾರಣೆ ಆಗುತ್ತದೆ. ಭಾಷಣದಲ್ಲಿ ಮಾತ್ರ ಅವನು ಕರಾವಳಿಯ ಕಣ್ಣು ಮತ್ತು ಕಿವಿ. ಸ್ವಂತ ಕಣ್ಣನ್ನೇ ತಡೆದು ಗುರುತಿನ ಚೀಟಿ ಕೇಳುವವರು ನಾವೇ ಇರಬೇಕು.

ಈಚೆಗೆ ಇನ್ನೊಂದು ಆಯ್ತು. ದೇಶದ ಕರಾವಳಿ ಉದ್ದ 7,516 ಕಿಲೋಮೀಟರ್ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು, ಅಲ್ವಾ? ಈಗ ಅದು 11,098. ಸಮುದ್ರ ಏನೂ ಬೆಳೆದಿಲ್ಲ. ಮೊದಲು ಒರಟಾಗಿ ಅಳೆದಿದ್ದರು, ಈಗ ಪ್ರತಿ ಕೊಲ್ಲಿ, ಪ್ರತಿ ಅಳಿವೆಯ ಅಂಚನ್ನೂ ಬಿಡದೆ ಸೂಕ್ಷ್ಮವಾಗಿ ಅಳೆದಿದ್ದಾರೆ. ದೋಣಿಗೆ ಇದರಿಂದ ಏನೂ ವ್ಯತ್ಯಾಸ ಇಲ್ಲ, ಅದು ನೀರಲ್ಲಿ ನೇರ ಹೋಗುತ್ತದೆ. ಬೈಕು, ಪಾಪ, ಪ್ರತಿ ತಿರುವೂ ಸುತ್ತಿಕೊಂಡೇ ಬರಬೇಕು.