ಮೊಬೈಲ್ ಕಸಿಯುವ ಮೊದಲು ಕೋವಿಗೆ ಬೀಗ ಹಾಕಿ

ಗೇಮ್ ಆಡುವ ಹುಡುಗರು ಕೊಲೆಗಡುಕರಾಗುತ್ತಾರೆಯೇ ಎಂಬ ಚರ್ಚೆ ನಮ್ಮ ಕಡೆ ಏಳುವುದು ಎಲ್ಲೋ ಒಂದು ಹೆಣ ಬಿದ್ದಾಗ ಮಾತ್ರ. 2019ರ ಸೆಪ್ಟೆಂಬರ್‌ನಲ್ಲಿ ಬೆಳಗಾವಿ ಪಕ್ಕದ ಕಾಕತಿಯಲ್ಲಿ ಮಗನೇ ತಂದೆಯನ್ನು ಕೊಂದ. ಪಬ್‌ಜಿ ಎಂಬ ಗುಂಡಿನ ಕಾಳಗದ ಗೇಮ್ ಆಡಬೇಡ ಅಂದಿದ್ದೇ ಕಾರಣ ಎಂದು ಸುದ್ದಿಯಾಯಿತು. ಮರುವರ್ಷ ಸೆಪ್ಟೆಂಬರ್ 2ರಂದು ಪಬ್‌ಜಿಗೆ ನಿಷೇಧ ಬಿತ್ತು. ಹಿಂಸೆಯ ದೆಸೆಯಿಂದಲೇ ಬಿತ್ತು ಎಂದು ಹಾಸನ, ಚಿಕ್ಕಮಗಳೂರಿನ ಎಷ್ಟೋ ಮನೆಗಳಲ್ಲಿ ಇವತ್ತಿಗೂ ನಂಬಿದ್ದಾರೆ. ಅಸಲಿ ಕಾರಣ ಚೀನಾ ಗಡಿ ತಕರಾರು ಮತ್ತು ಡೇಟಾ ಸುರಕ್ಷತೆ. ಅದೇ ಆಟ 2021ರಲ್ಲಿ ಬಿಜಿಎಂಐ ಎಂಬ ಹೆಸರು ಹೊತ್ತು ವಾಪಸ್ ಬಂತು, 2022ರ ಜುಲೈನಲ್ಲಿ ಮತ್ತೆ ಕಾಣೆಯಾಯಿತು, 2023ರ ಮೇನಲ್ಲಿ ಮರಳಿತು. ಆಟದೊಳಗೆ ಚಿಮ್ಮುವ ರಕ್ತದ ಬಣ್ಣ ಹಸಿರಾಗಿದ್ದೇ ಕಣ್ಣಿಗೆ ಕಂಡ ಸುಧಾರಣೆ.

ನಾನಿರುವ ಜರ್ಮನಿ ಈ ಹಸಿರು ರಕ್ತದ ಆಟವನ್ನು ಎಂದೋ ಆಡಿ ಮುಗಿಸಿದೆ. 1998ರ ಹಾಫ್-ಲೈಫ್ ಗೇಮಿನ ಜರ್ಮನ್ ಆವೃತ್ತಿಯಲ್ಲಿ ಸೈನಿಕರನ್ನೆಲ್ಲ ರೋಬಾಟ್ ಮಾಡಿದ್ದರು. ಅಷ್ಟು ಮಡಿವಂತಿಕೆ ಇದ್ದ ದೇಶದಲ್ಲೇ 2002ರ ಏಪ್ರಿಲ್ 26ರಂದು ಎರ್ಫುರ್ಟ್ ಊರಿನ ಶಾಲೆಯೊಂದರಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ 16 ಜನರನ್ನು ಗುಂಡಿಟ್ಟು ಕೊಂದು ತಾನೂ ಸತ್ತ. ಅವನು ಕೌಂಟರ್-ಸ್ಟ್ರೈಕ್ ಎಂಬ ಗುಂಡಿನ ಗೇಮ್ ಆಡುತ್ತಿದ್ದ ಎನ್ನುವುದು ದೊಡ್ಡ ಸುದ್ದಿಯಾಯಿತು. ಶೂಟಿಂಗ್ ಕ್ಲಬ್ಬಿನ ಸದಸ್ಯನಾಗಿದ್ದ, ಬಂದೂಕುಗಳನ್ನು ಅದರ ಮೂಲಕವೇ ಪಡೆದಿದ್ದ ಎನ್ನುವುದು ಅಷ್ಟು ದೊಡ್ಡ ಸುದ್ದಿಯಾಗಲಿಲ್ಲ. 2009ರ ಮಾರ್ಚ್ 11ರಂದು ಸ್ಟುಟ್‌ಗಾರ್ಟ್ ಹತ್ತಿರದ ವಿನ್ನೆಂಡೆನ್‌ನಿಂದ ಶುರುವಾದ ಹತ್ಯಾಕಾಂಡದಲ್ಲಿ 15 ಜನ ಸತ್ತರು. ಅಲ್ಲಿ ಹುಡುಗ ಒಯ್ದಿದ್ದು ಅಪ್ಪನ ಪಿಸ್ತೂಲು. ಕಪಾಟಿನಲ್ಲಿರಬೇಕಾದದ್ದು ಬೀಗವಿಲ್ಲದೆ ಮಲಗುವ ಕೋಣೆಯಲ್ಲಿತ್ತು. ಕೋರ್ಟು ಅಪ್ಪನನ್ನು ನಿರ್ಲಕ್ಷ್ಯಕ್ಕಾಗಿ ತಪ್ಪಿತಸ್ಥ ಎಂದಿತು.

ಟಿವಿ ಚರ್ಚೆಗಳಲ್ಲಿ 'ಕೊಲೆ ಆಟ'ಗಳ ಮೇಲೆ ಬೆಂಕಿ ಕಾರಿದವರಿಗೆ ಲೆಕ್ಕವಿಲ್ಲ. ಬವೇರಿಯಾದ ರಾಜಕಾರಣಿಗಳಂತೂ ಇಂಥ ಆಟ ತಯಾರಿಸುವವರನ್ನೇ ಜೈಲಿಗೆ ಹಾಕಬೇಕೆಂದು ಹಟ ಹಿಡಿದರು. ಅದು ಆಗಲಿಲ್ಲ. ಕಾನೂನಿನ ಪುಸ್ತಕದಲ್ಲಿ ಬದಲಾದದ್ದು ಬೇರೆ. ಎರ್ಫುರ್ಟ್ ನಂತರ, 25 ತುಂಬದವರು ಬಂದೂಕು ಬೇಕೆಂದರೆ ಮನೋಸ್ಥಿತಿಯ ಪ್ರಮಾಣಪತ್ರ ತರಬೇಕಾಯಿತು. ವಿನ್ನೆಂಡೆನ್ ನಂತರ, ಬಂದೂಕನ್ನು ಹೇಗೆ ಇಟ್ಟಿದ್ದೀರಿ ಎಂದು ಅಧಿಕಾರಿಗಳು ಮುನ್ಸೂಚನೆ ಕೊಡದೆ ಮನೆ ಬಾಗಿಲು ತಟ್ಟಬಹುದಾಯಿತು. 2017ರಿಂದ ಹೊಸದಾಗಿ ಕೊಳ್ಳುವ ಕಪಾಟು ತಿಜೋರಿಗಳ ಗಟ್ಟಿತನ ಅಳೆಯುವ ಯುರೋಪಿನ 1143-1 ಮಾನದಂಡದ ಕನಿಷ್ಠ ಸೊನ್ನೆ ದರ್ಜೆಯದ್ದಾಗಿರಬೇಕು, ಒಳಗೆ ಬಂದೂಕು ಗುಂಡು ತುಂಬದೆ ಇರಬೇಕು.

ಇದನ್ನು ಇಷ್ಟು ಎಳೆದು ಹೇಳಲು ಕಾರಣವಿದೆ. ಸಕಲೇಶಪುರ, ಆಲೂರು, ಮೂಡಿಗೆರೆ, ಕೊಪ್ಪದ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿ ಇರುವುದು ಹೊಸ ವಿಷಯವೇನಲ್ಲ. ಕಾಡುಹಂದಿ, ಮಂಗಗಳ ಕಾಟ ಗೊತ್ತಿರುವವರು ಕೋವಿಯೇ ಬೇಡ ಎನ್ನಲಾರರು, ನಾನೂ ಅನ್ನುವುದಿಲ್ಲ. ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಿ ರಸೀದಿ ತರುತ್ತೇವೆ. ಉಳಿದ ದಿನಗಳಲ್ಲಿ ಅದು ಗೋಡೆಯ ಮೊಳೆಯಲ್ಲೋ, ಬೀರುವಿನ ಹಿಂದೋ, ಮಂಚದ ಕೆಳಗೋ ಇರುತ್ತದೆ, ತೋಟಾ ಅದೇ ಕೋಣೆಯ ಡ್ರಾಯರಿನಲ್ಲಿ. ಹುಡುಗನ ಕೈಯಲ್ಲಿ ಬಿಜಿಎಂಐ ಕಂಡರೆ ಎದೆ ಧಸಕ್ಕೆನ್ನುವ ಅಪ್ಪ, ಅವನ ತಲೆಯ ಮೇಲೇ ತೂಗುವ ಜೋಡಿ ನಳಿಗೆ ಕೋವಿಯ ಬಗ್ಗೆ ನಿಶ್ಚಿಂತನಾಗಿರುವುದು ನನಗೆ ಇವತ್ತಿಗೂ ಅರ್ಥವಾಗದ ಲೆಕ್ಕ.

ಬೀಗದ ಬೀರುವಿನಲ್ಲಿಟ್ಟರೆ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ ಎಂಬುದು ಮಲೆನಾಡಿನ ಖಾಯಂ ತಕರಾರು. ತುಕ್ಕಿಗೆ ಕಾರಣ ಬೀರು ಅಲ್ಲ, ತೇವ. ಬಟ್ಟೆ ಅಥವಾ ಚರ್ಮದ ಚೀಲದೊಳಗೆ ಇಟ್ಟರೆ ಚೀಲವೇ ನೀರು ಹೀರಿ ಕಬ್ಬಿಣಕ್ಕೆ ಕೊಡುತ್ತದೆ. ಚೀಲ ತೆಗೆದು, ನಳಿಗೆಯ ಒಳಹೊರಗೆ ತೆಳ್ಳಗೆ ಎಣ್ಣೆ ಸವರಿ, ಬೀರುವಿನೊಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗಾಗ ಬದಲಿಸಿದರೆ ಸಾಕು. ಬೀರುವಿಗೆ ಜಾಗವಿಲ್ಲವೇ? ಮಡಚುವ ಕೋವಿಯ ಮುಂದಿನ ಮರದ ಹಿಡಿ ಬಿಚ್ಚಿದರೆ ನಳಿಗೆ ಬೇರೆಯಾಗುತ್ತದೆ. ನಳಿಗೆ ಒಂದು ಕೋಣೆಯ ಬೀಗದಲ್ಲಿ, ಉಳಿದ ಭಾಗ ಇನ್ನೊಂದರಲ್ಲಿ, ತೋಟಾ ಮೂರನೆಯ ಕಡೆ. ಕೀಲಿಕೈ ದೇವರ ಮನೆಯ ಗೂಡಿನಲ್ಲಿ ಇಡುವ ಹಾಗಿದ್ದರೆ ಇಷ್ಟೆಲ್ಲ ಮಾಡಿಯೂ ದಂಡ, ಮನೆಯ ಮಕ್ಕಳಿಗೆ ಮೊದಲು ಗೊತ್ತಾಗುವ ಜಾಗವೇ ಅದು.

ಇನ್ನು ಆಟದ ಮಾತು. ಸಂಶೋಧನೆ ಏನನ್ನುತ್ತದೆ ಎಂದು ಕೇಳಿದರೆ ಎರಡೂ ಕಡೆಯವರ ಬಳಿ ಕಾಗದಗಳಿವೆ. ಆದರೆ ಏನನ್ನು ಅಳೆದಿದ್ದಾರೆ ಎಂದು ನೋಡಬೇಕು. ಪ್ರಯೋಗಾಲಯದಲ್ಲಿ ಯಾರಿಗೂ ಯಾರನ್ನೂ ಹೊಡೆಯಲು ಬಿಡಲಾಗದು. ಹಾಗಾಗಿ ಸ್ವಲ್ಪ ಹೊತ್ತು ಆಟ ಆಡಿಸಿ, ಕಾಣದ ಎದುರಾಳಿಯ ಕಿವಿಗೆ ಎಷ್ಟು ಜೋರಾಗಿ, ಎಷ್ಟು ಹೊತ್ತು ಕರ್ಕಶ ಸದ್ದು ಬಿಡುತ್ತಾನೆ ಅಥವಾ ಖಾರ ಇಷ್ಟವಿಲ್ಲದವನ ತಟ್ಟೆಗೆ ಎಷ್ಟು ಖಾರದ ಸಾಸ್ ಸುರಿಯುತ್ತಾನೆ ಎಂದು ನೋಡುತ್ತಾರೆ. (ಖಾರವೇ ಅಳತೆಗೋಲಾದರೆ ನಮ್ಮ ಬಾಡೂಟದ ಭಟ್ಟರೆಲ್ಲ ಅಪಾಯಕಾರಿಗಳೇ.) ಸದ್ದಿನ ಪರೀಕ್ಷೆಗಂತೂ ಅಂಕ ಹಾಕುವ ಒಂದೇ ಕ್ರಮವಿಲ್ಲ. ಜರ್ಮನಿಯ ಮನೋವಿಜ್ಞಾನಿ ಮಾಲ್ಟೆ ಎಲ್ಸನ್ ಎಣಿಸಿ ನೋಡಿದಾಗ ಪ್ರಕಟಿತ ಪ್ರಬಂಧಗಳಲ್ಲಿ ನೂರೈವತ್ತಕ್ಕೂ ಹೆಚ್ಚು ಬಗೆಯ ಲೆಕ್ಕಾಚಾರ ಸಿಕ್ಕಿತು. ಬೇಕಾದ ಉತ್ತರ ಬರುವವರೆಗೆ ತಕ್ಕಡಿ ಬದಲಿಸಲು ಇಷ್ಟು ಸಾಕು.

ತಿಂಗಳು, ವರ್ಷಗಟ್ಟಲೆ ಮಕ್ಕಳನ್ನು ಗಮನಿಸಿದ 24 ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯಲ್ಲಿ 17,000ಕ್ಕೂ ಹೆಚ್ಚು ಜನರಿದ್ದರು. ಹೊಡೆದಾಟದ ಗೇಮಿಗೂ ಮುಂದಿನ ಕೈಕೈ ಮಿಲಾಯಿಸುವ ಸ್ವಭಾವಕ್ಕೂ ಅಲ್ಲಿ ಕಂಡದ್ದು ಸಣ್ಣ ನಂಟು. ಮರುವರ್ಷ ಆಕ್ಸ್‌ಫರ್ಡ್‌ನ ಆಂಡ್ರ್ಯೂ ಶಿಬಿಲ್‌ಸ್ಕಿ ಮತ್ತು ಕಾರ್ಡಿಫ್‌ನ ನೆಟ್ಟಾ ವೈನ್‌ಸ್ಟೈನ್, ಲೆಕ್ಕ ಹೇಗೆ ಹಾಕುತ್ತೇವೆಂದು ಮೊದಲೇ ಬರೆದಿಟ್ಟು, ಬ್ರಿಟನ್ನಿನ ಸುಮಾರು ಸಾವಿರ ಹದಿಹರೆಯದವರನ್ನೂ ಅವರ ಪೋಷಕರನ್ನೂ ಕೇಳಿದಾಗ ಆ ನಂಟೂ ಸಿಗಲಿಲ್ಲ. ಜರ್ಮನಿಯಲ್ಲೇ ವಯಸ್ಕರಿಗೆ ಎರಡು ತಿಂಗಳು ದಿನವೂ ಜಿಟಿಎ-5 ಎಂಬ ಹೊಡೆದಾಟದ ಗೇಮ್ ಆಡಿಸಿ ನೋಡಿದ ಪ್ರಯೋಗದಲ್ಲೂ ಅವರ ಸಿಟ್ಟುಸೆಡವು ಏರಲಿಲ್ಲ. ಅಮೆರಿಕದ ಮನೋವಿಜ್ಞಾನ ಸಂಘ 2020ರಲ್ಲಿ ಹೇಳಿದ್ದೂ ಇದನ್ನೇ: ಕಿರುಚಾಟ, ತಳ್ಳಾಟದಂಥದ್ದಕ್ಕೆ ಸಣ್ಣ ಸಂಬಂಧವಿದೆ, ಕೊಲೆಯಂಥ ಹಿಂಸೆಗೆ ಗೇಮನ್ನು ಹೊಣೆ ಮಾಡಲು ಪುರಾವೆ ಸಾಲದು. ಆ ಪ್ರಶ್ನೆಯನ್ನು ಇಲ್ಲಿಗೆ ಬಿಡಬಹುದು ಎಂಬುದು ನನ್ನ ಅಭಿಪ್ರಾಯ.

ಬಿಡಲಾಗದ್ದು ಆ ಕಿರುಚಾಟವನ್ನು. ಅದು ಎಲ್ಲಿಂದ ಬರುತ್ತದೆ? 2014ರ ಒಂದು ಸಂಶೋಧನೆಯಲ್ಲಿ ಮೇಲಿಂದ ಬೀಳುವ ತುಂಡುಗಳನ್ನು ಜೋಡಿಸುವ ಟೆಟ್ರಿಸ್ ಆಟವನ್ನೇ ತಿದ್ದಿ, ಆಟಗಾರನಿಗೆ ಬೇಡವಾದ ತುಂಡುಗಳೇ ಬೀಳುವಂತೆ ಮಾಡಿದ್ದರು. ಒಂದು ಹನಿ ರಕ್ತವಿಲ್ಲದ ಆ ಆಟ ಆಡಿದವರು ಸಿಡುಕಿದರು. ತನ್ನ ಕೈಚಳಕಕ್ಕೆ ಬೆಲೆಯಿಲ್ಲದೆ ಸೋತಾಗ ಬರುವ ಸಿಟ್ಟು ಅದು. ಈಗ ಆಲ್ದೂರಿನ ಕಡೆಯ ಒಂದು ತೋಟದ ಮನೆಯನ್ನು ನೆನೆಸಿಕೊಳ್ಳಿ. ಟವರ್ ಗುಡ್ಡದಾಚೆ, ಕರೆಂಟು ಹೋದರೆ ಅದೂ ಸುಮ್ಮನಾಗುತ್ತದೆ. ಪಿಂಗ್, ಅಂದರೆ ಫೋನಿನ ಸಂದೇಶ ಗೇಮಿನ ಸರ್ವರಿಗೆ ಹೋಗಿ ಬರುವ ಸಮಯ, ನೂರು ಮಿಲಿಸೆಕೆಂಡ್ ದಾಟಿ ಇನ್ನೂರು, ಮುನ್ನೂರಕ್ಕೆ ಏರಿದರೆ ಹುಡುಗ ಗುರಿ ಹಿಡಿಯುವಷ್ಟರಲ್ಲಿ ಎದುರಾಳಿ ಅವನನ್ನು ಕೆಡವಿ ಆಗಿರುತ್ತದೆ. ಫೋನ್ ಎಸೆಯುವ ಸಿಟ್ಟಿನ ಬೇರು ಎಷ್ಟೋ ಸಲ ಇಲ್ಲಿರುತ್ತದೆ. ಸಿಗ್ನಲ್ ಇಲ್ಲದ ಜಾಗದಲ್ಲಿ ಆನ್‌ಲೈನ್ ಪಂದ್ಯದ ಬದಲು ಇಂಟರ್ನೆಟ್ ಬೇಡದ, ಒಬ್ಬನೇ ಆಡುವ ಗೇಮ್ ಹಾಕಿಕೊಡುವುದು ಅರ್ಧ ಪರಿಹಾರ.

ಇನ್ನರ್ಧ ಸಮಯದ್ದು. ಬಿಜಿಎಂಐನ ದೊಡ್ಡ ಮ್ಯಾಪಿನಲ್ಲಿ ನೂರು ಜನ ಇಳಿಯುತ್ತಾರೆ. ಕೊನೆಯವರೆಗೆ ಉಳಿದರೆ ಒಂದು ಮ್ಯಾಚಿಗೆ ಸುಮಾರು ಅರ್ಧ ಗಂಟೆ. ನಡುವೆ ನಿಲ್ಲಿಸಿಡುವ ಗುಂಡಿ ಇಲ್ಲ. ಬಿಟ್ಟು ಎದ್ದರೆ ಜೊತೆಯ ಮೂವರು ಸೋಲುತ್ತಾರೆ, ತನ್ನ ರ‍್ಯಾಂಕೂ ಇಳಿಯುತ್ತದೆ. ಇಪ್ಪತ್ತೆರಡನೇ ನಿಮಿಷಕ್ಕೆ ವೈಫೈ ಕಿತ್ತರೆ ಕಬಡ್ಡಿಯಲ್ಲಿ ರೇಡಿಗೆ ಹೋದವನನ್ನು ಸ್ವಂತ ತಂಡದವರೇ ಕಾಲು ಹಿಡಿದು ಎಳೆದಂತೆ. "ಎಂಟಕ್ಕೆ ಎದ್ದೇಳು" ಅನ್ನುವುದಕ್ಕಿಂತ "ಏಳೂವರೆ ಆದ ಮೇಲೆ ಹೊಸ ಮ್ಯಾಚ್ ಶುರು ಮಾಡ್ಬೇಡ ಕಣೋ" ಅನ್ನುವುದು ಕೆಲಸ ಮಾಡುತ್ತದೆ. ಆಟದ ಗಡಿಯಾರ ಗೊತ್ತಿಲ್ಲದವರು ಹಾಕುವ ನಿಯಮಕ್ಕೆ ಮಕ್ಕಳು ಬೆಲೆ ಕೊಡುವುದಿಲ್ಲ.

ವಯಸ್ಸಿನ ವಿಷಯದಲ್ಲಿ ಎರಡು ದೇಶಗಳ ವ್ಯತ್ಯಾಸ ದೊಡ್ಡದು. ಜರ್ಮನಿಯಲ್ಲಿ ಯುಎಸ್‌ಕೆ ಎಂಬ ಸಂಸ್ಥೆ 0, 6, 12, 16, 18 ಎಂದು ಮುದ್ರೆ ಹಾಕುತ್ತದೆ. 2003ರಿಂದ ಅದಕ್ಕೆ ಕಾನೂನಿನ ಬಲವಿದೆ. 18ರ ಮುದ್ರೆಯ ಡಬ್ಬಿಯನ್ನು ಹುಡುಗನಿಗೆ ಮಾರಿದ ಅಂಗಡಿಗೆ 50,000 ಯೂರೋವರೆಗೆ ದಂಡ ಬೀಳಬಹುದು. ನಮ್ಮಲ್ಲಿ ಸಿನಿಮಾಕ್ಕೆ ಸೆನ್ಸಾರ್ ಮಂಡಳಿ ಇದೆ, ಗೇಮಿಗೆ ಅಂಥದ್ದಿಲ್ಲ. ಪ್ಲೇ ಸ್ಟೋರ್‌ನಲ್ಲಿ ಕಾಣುವ 7+, 12+, 16+ ಅಂಕಿ ಗೇಮ್ ಮಾಡಿದವರೇ ತುಂಬಿದ ಪ್ರಶ್ನಾವಳಿಯಿಂದ ಬಂದದ್ದು. ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರೇ ಗಂಟೆ ಎಂಬ ಮಿತಿಯೊಂದಿಗೆ ಬಿಜಿಎಂಐ 2023ರಲ್ಲಿ ಮರಳಿತು ನಿಜ. ಆದರೆ ಹುಟ್ಟಿದ ವರ್ಷ ಒತ್ತುವುದು ಹುಡುಗನ ಬೆರಳೇ.

ಹಾಗಾಗಿ ಕೆಲಸ ಮನೆಯವರ ಕೈಯಲ್ಲೇ ಉಳಿಯಿತು. ಪ್ಲೇ ಸ್ಟೋರ್ ತೆರೆದು ಮೇಲಿನ ಪ್ರೊಫೈಲ್ ಚಿತ್ರ ಒತ್ತಿ, ಸೆಟ್ಟಿಂಗ್ಸ್, ಫ್ಯಾಮಿಲಿ, ಪೇರೆಂಟಲ್ ಕಂಟ್ರೋಲ್ಸ್‌ಗೆ ಹೋಗಿ ಪಿನ್ ಇಟ್ಟು ವಯಸ್ಸು ಆರಿಸಿ. ಪ್ಲೇ ಸ್ಟೋರ್‌ನಲ್ಲೇ ಖರೀದಿಗೆ ಪ್ರತಿ ಸಲ ದೃಢೀಕರಣ ಕೇಳುವ ಹಾಗೆ ಮಾಡಿ. ಮಕ್ಕಳು ಡೈಮಂಡ್, ಯುಸಿ ಎಂಬ ಗೇಮಿನೊಳಗಿನ ನಾಣ್ಯ ಕೊಳ್ಳುವುದು ಅಪ್ಪನ ಯುಪಿಐನಿಂದ. ಈ ಪಿನ್ ತಡೆ ಎಡವುವುದು ಮೂರು ಕಡೆ. ಮೊದಲೇ ಹಾಕಿಕೊಂಡ ಆ್ಯಪ್‌ಗಳಿಗೆ ಈ ತಡೆ ತಾಗುವುದಿಲ್ಲ, ಅವನ್ನು ಕೈಯಾರೆ ತೆಗೆಯಬೇಕು. ವಾಟ್ಸಾಪ್ ಅಥವಾ ಕ್ರೋಮ್‌ನಲ್ಲಿ ಬಂದ ಎಪಿಕೆ ಫೈಲಿಗೂ (ಪ್ಲೇ ಸ್ಟೋರ್ ಬಿಟ್ಟು ನೇರ ಹಾಕಿಕೊಳ್ಳುವ ಆ್ಯಪ್) ತಾಗುವುದಿಲ್ಲ, 'ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್' ಎಂಬಲ್ಲಿ ಎರಡಕ್ಕೂ ಅನುಮತಿ ಕಿತ್ತುಹಾಕಿ. ಮೂರನೆಯದು, ಫೋನಿನ ಲಾಕ್, ಪ್ಲೇ ಸ್ಟೋರ್, ಯುಪಿಐ ಎಲ್ಲಕ್ಕೂ ಒಂದೇ ಪಿನ್, ಅದೂ ಅಪ್ಪ ಹುಟ್ಟಿದ ಇಸವಿ.

ಇಷ್ಟಾಗಿಯೂ ಆಟವೇ ಸರ್ವಸ್ವವಾಗಿ, ನಿದ್ದೆ, ಶಾಲೆ, ಗೆಳೆತನ ಕೆಟ್ಟರೂ ಬಿಡಲಾಗದೆ, ಇದು ಸುಮಾರು 12 ತಿಂಗಳು ಎಳೆದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಾಯಿಲೆಯ ಪಟ್ಟಿಗೆ ಸೇರಿಸುತ್ತದೆ. ಲಕ್ಷಣ ತೀವ್ರವಾಗಿದ್ದರೆ ಅಷ್ಟು ಕಾಲ ಕಾಯುವ ಅಗತ್ಯವೂ ಇಲ್ಲ. ಗೇಮಿನಲ್ಲಿ ಎಷ್ಟು ಹೆಣ ಬೀಳುತ್ತದೆ ಎಂಬುದು ಆ ಲಕ್ಷಣಗಳಲ್ಲಿ ಸೇರಿಲ್ಲ ಎಂಬುದನ್ನು ಗಮನಿಸಿ. ಹಾಸನದಲ್ಲಿ ಹಿಮ್ಸ್ ಆಸ್ಪತ್ರೆಯ ಮನೋವೈದ್ಯ ವಿಭಾಗವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ 'ಶಟ್' ಕ್ಲಿನಿಕ್ ಇದೆ. ಅಷ್ಟು ದೂರ ಹೋಗಲಾಗದವರಿಗೆ ಟೆಲಿ-ಮಾನಸ್‌ನ 14416 ಇದೆ, ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.