ಈಜಿಗೆ ಹೋಗುವ ಮಕ್ಕಳ ಕಿವಿ, ಕತ್ತು ಒಮ್ಮೆ ನೋಡಿ

ಹೋದ ಏಪ್ರಿಲ್‌ನಲ್ಲಿ ಮಗಳನ್ನು ದಾವಣಗೆರೆಯಲ್ಲೇ ಒಂದು ತೆರೆದ ಈಜುಕೊಳದ ಬೇಸಿಗೆ ಶಿಬಿರಕ್ಕೆ ಸೇರಿಸಿದ್ದೆ. ನಾಲ್ಕನೇ ದಿನ ರಾತ್ರಿ ತಲೆ ಬಾಚಲು ಕೂತರೆ, "ಅಪ್ಪಾಜಿ, ಕಿವಿ ಮುಟ್ಟಬೇಡಿ, ಉರೀತದೆ" ಅಂದಳು. ಕಿವಿಯ ಮೇಲಂಚು ಕೆಂಪಗಾಗಿ ಸಿಪ್ಪೆ ಏಳುತ್ತಿತ್ತು. ಕತ್ತಿನ ಹಿಂದೆಯೂ ಹಾಗೇ. ದಿನಾ ಟೋಪಿ ಹಾಕಿಯೇ ಕಳಿಸಿದ್ದೆ. ಆದರೆ ಅದು ಕ್ರಿಕೆಟ್ ಕ್ಯಾಪು, ಹಣೆಗಷ್ಟೇ ನೆರಳು. ಅದನ್ನೂ ನೀರಿಗಿಳಿಯುವಾಗ ತೆಗೆಸಿ ಸಿಲಿಕಾನ್ ಕ್ಯಾಪ್ ಹಾಕಿಸುತ್ತಿದ್ದರು. ಅದು ಇರುವುದು ಕೂದಲಿಗೆ. ಕತ್ತನ್ನು ಅದು ಮುಚ್ಚುವುದೇ ಇಲ್ಲ.

ನೀರು ತಂಪಾಗಿರುವುದರಿಂದ ಸುಡುತ್ತಿರುವುದು ಮಕ್ಕಳಿಗೆ ಗೊತ್ತೇ ಆಗುವುದಿಲ್ಲ. ಅರ್ಧ ಮೀಟರ್ ಆಳದಲ್ಲೂ ನೇರಳಾತೀತ ಕಿರಣ ಮೇಲಿನದರ ಸುಮಾರು ಶೇ 40ರಷ್ಟು ಇರುತ್ತದೆ.

ಭದ್ರಾ ನಾಲೆಯ ಗದ್ದೆಗಳಲ್ಲಿ ನಾಟಿ ಮಾಡುವ ಹೆಣ್ಣುಮಕ್ಕಳನ್ನು ನೋಡಿ. ತಲೆಗೆ ಟವೆಲ್ ಹೊದ್ದು, ತುದಿಯನ್ನು ಬೆನ್ನಿಗೆ ಇಳಿಬಿಟ್ಟಿರುತ್ತಾರೆ. ಬಗ್ಗಿದಾಗ ಬಿಸಿಲು ಬೀಳುವುದೇ ಕತ್ತಿಗೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಈಜುವವರಿಗೂ ಬಿಸಿಲು ತಗಲುವುದು ಅಲ್ಲೇ. ಅದಕ್ಕೇ ನಾನು ಈ ಸಲ ಹುಡುಕಿದ್ದು ಹಿಂದೆ ಬಟ್ಟೆ ಇಳಿಬಿದ್ದು ಕಿವಿಯನ್ನೂ ಮುಚ್ಚುವ, ಈಜುಡುಗೆಯ ಬಟ್ಟೆಯಲ್ಲೇ ಹೊಲಿದ ಟೋಪಿ. ಹತ್ತಿಯದ್ದು ಬೇಡ. ತೆಳು ಹತ್ತಿ ನೆನೆದರೆ ಬಿಸಿಲನ್ನು ಇನ್ನೂ ಹೆಚ್ಚು ಒಳಗೆ ಬಿಡುತ್ತದೆ, ಅಂಚು ಜೋತು ಕಣ್ಣಿಗೆ ಅಂಟುತ್ತದೆ, ಮಗು ಕಿತ್ತು ದಡಕ್ಕೆ ಎಸೆಯುತ್ತದೆ. ಚೀಟಿಯಲ್ಲಿ ಯುಪಿಎಫ್ 50+ ಅಂತ ಇದ್ದರೆ ಆ ಬಟ್ಟೆ ಕಿರಣದ 50ರಲ್ಲಿ 1 ಪಾಲಿಗಿಂತ ಹೆಚ್ಚು ಬಿಡುವುದಿಲ್ಲ ಅಂತ ಅರ್ಥ.

ಅಂಗಡಿಯಲ್ಲೇ ಟೋಪಿಯನ್ನು ಒದ್ದೆ ಮಾಡಿ ನೋಡುತ್ತೇನೆ ಅಂದೆ. ಅಂಗಡಿಯಣ್ಣ ಬೇಜಾರು ಮಾಡಿಕೊಳ್ಳದೆ ಬಾಟಲಿ ನೀರು ಕೊಟ್ಟ. ಅಂಚು ಬಾಗಲಿಲ್ಲ, ತಗೊಂಡೆ.

ಗದ್ದದ ಪಟ್ಟಿಯ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಗಂಟು ಹಾಕುವ ದಾರ ಬೇಡವೇ ಬೇಡ. ಏಣಿಗೆ ಸಿಕ್ಕಿಕೊಂಡರೆ ಕುತ್ತಿಗೆಗೆ ಬಿಗಿಯುತ್ತದೆ. ಟಿಚ್ ಬಟನ್ ಅಥವಾ ವೆಲ್ಕ್ರೋ ಇದ್ದರೆ ಜಗ್ಗಿದ ಕೂಡಲೇ ಬಿಚ್ಚಿಕೊಳ್ಳುತ್ತದೆ. ಟೋಪಿ ಹೋದರೆ ಹೋಗಲಿ.

ದೊಡ್ಡವರು ವಾಣಿವಿಲಾಸ ಸಾಗರದಂಥ ಬಯಲು ನೀರಲ್ಲಿ ದೋಣಿ ಹತ್ತುವಾಗಲೂ ಇದೇ ಮಾತು. ಅಲ್ಲಿ ಗಾಳಿ ಜಾಸ್ತಿ, ತೀರಾ ಅಗಲದ ಅಂಚು ನಿಲ್ಲುವುದಿಲ್ಲ. ಮೂಗಿಗೆ, ಕೆನ್ನೆಗೆ ಸನ್‌ಸ್ಕ್ರೀನ್ ಬೇಕೇ ಬೇಕು.

ಮಗಳ ಬ್ಯಾಚನ್ನು ಈಗ ಸಂಜೆ ಐದಕ್ಕೆ ಬದಲಿಸಿದ್ದೇನೆ. ಭಾನುವಾರ ಬೆಳಗಿನ ಈಜಿಗೆ ಮಾತ್ರ ಆ ನೀಲಿ ಟೋಪಿ ಹಾಕಿಕೊಂಡು ಬರುತ್ತಾಳೆ. ಕೊಳದ ಹತ್ತಿರ ಸಿಕ್ಕರೆ ಕೇಳಿ, ನಿಮ್ಮ ಮಗುವಿನ ತಲೆಗೂ ಹಾಕಿ ಅಳತೆ ನೋಡಿಕೊಳ್ಳಿ.